ಒಂದು ಪೀರಿಯಡ್ಡಿನ ಮೇಷ್ಟ್ರು

ಕೆಲಸ ಹುಡುಕುವವನಿಗೆ ಕೆಲಸ ಸಿಗುತ್ತದೋ ಇಲ್ಲವೋ, ಇಂಥ ಪ್ರಸಂಗಗಳು ಮಾತ್ರ ಸಿಗುತ್ತಲೇ ಇರುತ್ತವೆ. ನಾನಿದ್ದ ಟ್ರಾವೆಲ್ ಏಜೆನ್ಸಿ ಬಾಗಿಲು ಹಾಕಿದಾಗ ನನಗೆ ನಲವತ್ತಾರು. ಎಂದೋ ಪಾಸು ಮಾಡಿದ್ದ ಬಿ.ಎಡ್. ಬೀರುವಿನಲ್ಲಿ ನುಸಿಗುಳಿಗೆ ವಾಸನೆ ಕುಡಿಯುತ್ತಾ ಮಲಗಿತ್ತು. ಅದನ್ನು ಎಬ್ಬಿಸಿಕೊಂಡು ಮಿಡ್ಲ್ ಸ್ಕೂಲ್ ಮೇಷ್ಟ್ರಾಗೋಣ, ಸೋಷಿಯಲ್ ಹೇಳಿಕೊಡೋಣ ಅಂತ ಹೊರಟೆ. ಹೆಂಡತಿ ದಸರಾ ರಜೆಯವರೆಗೆ ಗಡುವು ಕೊಟ್ಟಳು. ಅಷ್ಟರಲ್ಲಿ ಆಗದಿದ್ದರೆ ಕೋಣನಕುಂಟೆಯಲ್ಲಿ ಅವಳ ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಮಾರಬೇಕು. ಮುಂದೆ ಹೇಳುವುದರಲ್ಲಿ ಮುಕ್ಕಾಲು ಭಾಗ ನಿಜ. ಕಾಲು ಭಾಗ ಯಾವುದು ಅಂತ ಕೇಳಬೇಡಿ, ನನಗೂ ಮರೆತುಹೋಗಿದೆ.

೧. ಅರ್ಧ ಸುಲ್ತಾನರು

ಜೆ.ಪಿ. ನಗರದ ಒಂದು ಶಾಲೆಯಲ್ಲಿ ಮೊದಲ ಡೆಮೋ. ಡೆಮೋ ಅಂದರೆ ಕೆಲಸ ಕೊಡುವ ಮುಂಚೆ ಒಂದು ಪೀರಿಯಡ್ ಪಾಠ ಮಾಡಿಸಿ ನೋಡುವುದು. ಹೆಣ್ಣು ನೋಡುವ ಶಾಸ್ತ್ರವೇ, ಆದರೆ ಕೇಸರಿಬಾತ್ ಇರುವುದಿಲ್ಲ.

ಏಳನೇ ಕ್ಲಾಸು. "ಮಕ್ಕಳೇ, ಇವತ್ತು ದೆಹಲಿ ಸುಲ್ತಾನರು..." ಅನ್ನುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ್, ಸುಲ್ತಾನರನ್ನ ನಿನ್ನೆ ಸರ್ ಅರ್ಧ ಮಾಡಿದಾರೆ. ನೀವು ಇಲ್ಲಿಂದ ಮಾಡಿ."

"ನಿನ್ನೆ ಸರ್ ಯಾರಮ್ಮಾ?"

"ಅವ್ರೂ ಡೆಮೋ ಸರ್. ಮೊನ್ನೆ ಡೆಮೋ ಮಿಸ್ ಬಂದಿದ್ರು. ನಮ್ಮ ಮಿಸ್ ಅವರ ತಮ್ಮನ ಮದುವೆಗೆ ಹೋಗಿದಾರೆ, ಸೋಮವಾರ ಬರ್ತಾರೆ."

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಕೈ ಕುಲುಕಿದರು. "ಸೂಪರ್ ಸರ್! ಬಿ ಸೆಕ್ಷನ್ನಲ್ಲೂ ಒಂದ್ಸಲ ಮಾಡ್ಬಿಡಿ. ಕನ್ಸಿಸ್ಟೆನ್ಸಿ ನೋಡ್ಬೇಕು."

ಬಿ ಸೆಕ್ಷನ್ನಿನಲ್ಲಿ ಕನ್ಸಿಸ್ಟೆನ್ಸಿ ನೋಡಲು ಒಬ್ಬರೂ ಬರಲಿಲ್ಲ. "ಫೋನ್ ಮಾಡ್ತೀವಿ" ಎಂದರು, ಮಾಡಲಿಲ್ಲ. ಸೋಮವಾರ ಆ ಮಿಸ್ ಮದುವೆ ಊಟ ಅರಗಿಸಿಕೊಂಡು ಬಂದು, ಆರಾಮಾಗಿ ಮೊಘಲರಿಂದ ಶುರು ಮಾಡಿರಬೇಕು.

೨. ಮಗಳ ಷರತ್ತು

ನನ್ನ ಮಗಳೂ ಏಳನೇ ಕ್ಲಾಸು. ಒಂದು ಸಂಜೆ ಗಂಭೀರವಾಗಿ ಬಂದು ಕೂತಳು. "ಅಪ್ಪಾ, ಎಲ್ಲಾದ್ರೂ ಡೆಮೋ ಕೊಡು, ನಮ್ಮ ಸ್ಕೂಲಿಗೆ ಮಾತ್ರ ಬರ್ಬೇಡ."

"ಯಾಕೆ ಪುಟ್ಟಾ? ಅಪ್ಪ ಅಂದ್ರೆ ನಾಚಿಕೆನಾ?"

"ಹಂಗಲ್ಲಪ್ಪಾ. ಡೆಮೋದವರು ಬಂದ್ರೆ ನಾವು ಸಖತ್ ಗಲಾಟೆ ಮಾಡ್ತೀವಿ. ನೀನು ಬಂದಿದೀಯ ಅಂತ ನಾನೊಬ್ಬಳೇ ಸುಮ್ನಿರಕ್ಕಾಗತ್ತಾ?"

೩. ಇಷ್ಟೆಲ್ಲ ಮಾಡೋ ಹಾಗಿಲ್ಲ

ಬನಶಂಕರಿಯ ಶಾಲೆಯಲ್ಲಿ ಇಂಟರ್‌ವ್ಯೂ ಮಾಡಿದವರು ಸ್ವತಃ ಯಜಮಾನರು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಶಾಲೆಯ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯಗಳಿದ್ದವು.

"ನೋಡಿ ಮೇಷ್ಟ್ರೇ, ಮಕ್ಕಳಿಗೆ ಹೊಡೆಯೋ ಹಂಗಿಲ್ಲ."

"ಖಂಡಿತ ಇಲ್ಲ ಸಾರ್."

"ಬೈಯೋ ಹಂಗಿಲ್ಲ. ಎದ್ದು ನಿಲ್ಲಿಸೋ ಹಂಗಿಲ್ಲ. ಮಾರ್ಕ್ಸ್ ಕಮ್ಮಿ ಕೊಡೋ ಹಂಗಿಲ್ಲ, ಪೇರೆಂಟ್ಸು ನನ್ನ ಮೇಲೆ ಬೀಳ್ತಾರೆ."

"ಮತ್ತೆ ನಾನೇನು ಮಾಡ್ಲಿ ಸಾರ್?"

"ಬಸ್ಸಲ್ಲಿ ಕೂತ್ಕೊಳಿ. ಉತ್ತರಹಳ್ಳಿ ರೂಟು. ಬೆಳಗ್ಗೆ ಮಕ್ಕಳನ್ನ ಹತ್ತಿಸ್ಕೊಂಡು ಬನ್ನಿ, ಸಾಯಂಕಾಲ ಇಳಿಸಿ."

"ಪಾಠ ಸಾರ್?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅದಕ್ಕೆ ಟ್ಯೂಷನ್ನಿಗೆ ಹೋಗ್ತಾರಲ್ರೀ!"

೪. ಸುರಂಗದ ಬಾಗಿಲು

ಬಸ್ಸಿನ ಕೆಲಸಕ್ಕೆ ಕೈಮುಗಿದು ಬಂದಿದ್ದೆ. ದಸರಾ ಹತ್ತಿರ ಬಂತು. ಭಾವಮೈದ ಆಗಲೇ ಅಂಗಡಿಯಲ್ಲಿ ನನಗೊಂದು ಸ್ಟೂಲು ತಂದಿಟ್ಟಿದ್ದ. ಉಳಿದಿದ್ದು ಒಂದೇ ಡೆಮೋ, ಅದೂ ಕೋಣನಕುಂಟೆಯಲ್ಲೇ, ಆರನೇ ಕ್ಲಾಸು. ಪುಕ್ಕಟೆ ಪಾಠ ಮಾಡಿ ಮಾಡಿ ಹೊಟ್ಟೆ ಉರಿದಿತ್ತು. ಹಳೆಯ ಕಿಡಿಗೇಡಿ ಬುದ್ಧಿ ಎದ್ದು ಕೂತಿತು.

ಪಾಠದಲ್ಲಿ ಶತ್ರುಗಳು ಮುತ್ತಿಗೆ ಹಾಕಿದ ಒಂದು ಕೋಟೆ ಇತ್ತು. ನಾನು ಪುಸ್ತಕದಲ್ಲಿಲ್ಲದ ಒಂದು ಸುರಂಗ ತೋಡಿದೆ. ಕೋಟೆಯಲ್ಲಿ ನೀರು ಮುಗಿಯಿತು, ರಾಜ ಪಂಜು ಹಿಡಿದು ಸುರಂಗಕ್ಕೆ ಇಳಿದ, ಕೊನೆಯಲ್ಲೊಂದು ಕಬ್ಬಿಣದ ಬಾಗಿಲು. ಮೈಯೆಲ್ಲ ಕಿವಿಯಾಗಿ ಕೂತಿದ್ದರು ಮಕ್ಕಳು. "ರಾಜ ಬಾಗಿಲು ತಳ್ಳಿದ. ಒಳಗೆ ನೋಡ್ತಾನೆ..." ಬೆಲ್ ಹೊಡೆಯಿತು. ಪುಸ್ತಕ ಮುಚ್ಚಿದೆ.

"ಸರ್! ಏನಿತ್ತು ಸರ್?"

"ನಂಗೆ ಇಲ್ಲಿ ಕೆಲಸ ಸಿಕ್ಕಿದ್ರೆ ಹೇಳ್ತೀನಿ."

ಮಾರನೇ ದಿನವೇ ಪ್ರಿನ್ಸಿಪಾಲ್ ಮೇಡಂ ಫೋನು. "ಏನ್ ಸರ್ ಇದು! ಮಕ್ಕಳು ಪ್ರಾಣ ತಿಂತಿದಾರೆ. ಪೇರೆಂಟ್ಸ್ ಗ್ರೂಪಲ್ಲೂ ಅದೇ ಮೆಸೇಜು. ಒಳಗೆ ಏನಿತ್ತು?"

"ಆರ್ಡರ್ ಕೈಗೆ ಬಂದ ತಕ್ಷಣ ಹೇಳ್ತೀನಿ ಮೇಡಂ."

"ಆಯ್ತು, ಗುರುವಾರ ಬನ್ನಿ" ಎಂದರು.

ನಾನು ಗೆದ್ದೆ! ಹೆಂಡತಿ ಶರಟು ಇಸ್ತ್ರಿ ಮಾಡಿಕೊಟ್ಟಳು. ಭಾವಮೈದನಿಗೆ ಫೋನ್ ಮಾಡಿ, "ನಿನ್ನ ಪೈಪು ನೀನೇ ಮಾರ್ಕೋ ಮಗಾ" ಎಂದೆ. ಒಳಗೆ ಏನಿತ್ತೋ ನನಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನಿಧಿಯೋ ನೀರೋ ಅಂತ ಯೋಚಿಸುತ್ತಲೇ ಹೋದೆ.

ಆರನೇ ಕ್ಲಾಸಿನ ಬಾಗಿಲಲ್ಲಿ ಒಬ್ಬಳು ಎಳೆ ವಯಸ್ಸಿನ ಮಿಸ್ ಹೊರಗೆ ಬರುತ್ತಿದ್ದಳು. ಕೈಯಲ್ಲಿ ನನ್ನ ಹಾಗೇ ಸರ್ಟಿಫಿಕೇಟ್ ಫೈಲು, ಮುಖದಲ್ಲಿ ನನ್ನ ಹಾಗೇ ಆಸೆ. ಒಳಗಿನಿಂದ ಮಕ್ಕಳು ಕೂಗಿದರು.

"ಸರ್, ಈ ಮಿಸ್ ಹೇಳ್ಬಿಟ್ರು!"

"ಏನಿತ್ತಂತೆ?"

"ಇನ್ನೊಂದು ಬಾಗಿಲು ಸರ್!"

"ಅದರ ಹಿಂದೆ?"

"ಅವ್ರಿಗೆ ಕೆಲಸ ಸಿಕ್ಕಿದ್ರೆ ಹೇಳ್ತಾರಂತೆ!"

ಮೇಡಂ ನಮ್ಮಿಬ್ಬರನ್ನೂ ಹೊಗಳಿ, "ಫೋನ್ ಮಾಡ್ತೀವಿ" ಎಂದು ಕಳಿಸಿದರು. ಗೇಟಿನವರೆಗೆ ಒಟ್ಟಿಗೇ ನಡೆದೆವು. "ಸಾರಿ ಸರ್, ಮಕ್ಕಳು ಕಥೆ ಹೇಳಿದ್ರು, ಐಡಿಯಾ ಚೆನ್ನಾಗಿತ್ತು" ಎಂದಳು ಆಕೆ. ನಾನು ಬೈಯಲಿಲ್ಲ, ಬೈಯೋ ಹಾಗಿಲ್ಲವಲ್ಲ.

ಈಗ ಆ ಸ್ಟೂಲಿನ ಮೇಲೆ ಕೂತಿದ್ದೇನೆ. ಪೈಪು, ನಲ್ಲಿ, ಬೀಗ, ಚಿಲಕ. ಮೊನ್ನೆ ಸಂಜೆ ಅಂಗಡಿ ಮುಂದೆ ಟ್ರಾಫಿಕ್ಕಿನಲ್ಲಿ ಆ ಶಾಲೆಯ ಬಸ್ಸು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಗೆ ಬಂದವು.

"ಸುರಂಗದ ಸರ್! ಸರ್, ಆರನೇ ಬಾಗಿಲಿಗೆ ಬಂದಿದೀವಿ!"

"ಸೋಷಿಯಲ್‌ಗೆ ಯಾರಾದ್ರೂ ಪರ್ಮನೆಂಟ್ ಬಂದ್ರೇನ್ರೋ?"

"ಇಲ್ಲ ಸರ್! ಡೆಮೋದವರೇ ಪೋರ್ಷನ್ ಮುಗಿಸ್ಬಿಟ್ರು!"

ಬಸ್ಸು ಹೊರಟಿತು. ನಾನು ಎದ್ದು ನಿಂತು ಕೂಗಿದೆ: "ನಿಮ್ಮ ಮೇಡಂಗೆ ಹೇಳ್ರೋ, ಅಷ್ಟೂ ಬಾಗಿಲಿಗೆ ಚಿಲಕ ನಮ್ಮ ಅಂಗಡೀಲೇ ತಗೋಬೇಕು! ಇಲ್ಲಿ ಪುಕ್ಕಟೆ ಡೆಮೋ ಇಲ್ಲ!"