ಹದಿನೆಂಟು ಮೊಳದ ಲಂಗೋಟಿ

ಕಲಿಯುಗದ ಮೊದಲ ಪಾದದಲ್ಲಿ, ಭರತಖಂಡದ ಗದಗ ಸೀಮೆಯಲ್ಲಿ, ನಿದ್ರಾದೇವಿಯು ಬಾಣಂತಿಯರ ಕೋಣೆಗಳತ್ತ ತಿರುಗಿಯೂ ನೋಡದ ಘೋರಕಾಲದಲ್ಲಿ, ಗಗನಚುಂಬಿಸ್ತಂಭಾರೋಹಣಧೀರನೂ ಹನ್ನೊಂದು ಹಳ್ಳಿಗಳ ತಿಮಿರವಿನಾಶಕನೂ ಆದ ಲೈನ್‌ಮನ್ ಫಕೀರೇಶನ ಮಹಿಮೆಯನ್ನು ಹೇಳುತ್ತೇನೆ, ಕೇಳಿ. ಅವನು ತನ್ನ ಹದಿನೆಂಟು ದಿನದ ಮಗನನ್ನು ನೋಡಲು ಮಾವನ ಮನೆಗೆ ಬಂದಿದ್ದನು.

ಹೆರಿಗೆಯಾದಾಗಿನಿಂದ ಹೆಂಡತಿ ನೀಲಾ ಒಮ್ಮೆಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪು ಕಂಡು ವೀರನ ಕರುಳು ಚುರುಕ್ಕೆಂದಿತು. ಊಟವಾದೊಡನೆ ಅತ್ತೆ ಶಿವಗಂಗವ್ವನ ಮುಂದೆ ನಿಂತು ಶಪಥ ಮಾಡಿಯೇಬಿಟ್ಟನು.

"ಅತ್ತಿಯಾರ, ಇವತ್ತ ನೀವು ಪಡಸಾಲ್ಯಾಗ ಮಲಗ್ರಿ. ಮಳಿಗಾಳ್ಯಾಗ ಕಂಬ ಏರಿ, ಹರಿದ ತಂತಿ ಕತ್ತಲ್ಯಾಗ ಕಟ್ಟಿದ ಕೈ ಇವು. ಕೂಸಿನ ಅರಿವಿ ಬದಲ್ ಮಾಡೂದು ಯಾವ ಲೆಕ್ಕ? ನಡುರಾತ್ರಿ ಹಾಲು ಕುಡಿಸಿ ನೀಲಾ ಮಲಗಲಿ. ಆಮ್ಯಾಲ ಬೆಳಗಾಗೂತನಕ ಆಕೀಗೆ ಎಚ್ಚರ ಆದ್ರ, ಈ ಮನಿ ಅಳಿಯಾನ ಅಲ್ಲ ನಾ."

"ಆಗ್ಲಿರಿ ಅಳ್ಯಾರ. ದೀಪ ಮಾತ್ರ ಹಚ್ಚಬ್ಯಾಡ್ರಿ, ತಾಯಿ ಮಗ ಇಬ್ರೂ ಏಳ್ತಾರ. ಒಣಗಿದ ಅರಿವಿ ಬುಟ್ಟಿ ಮ್ಯಾಲ ಅದಾವ," ಎಂದ ಅತ್ತೆ, ನಗು ನುಂಗಿಕೊಂಡು ಹೋದಳು. ಕೆಂಡದ ಮೇಲೆ ಬೋರಲು ಹಾಕಿದ ಆ ಬುಟ್ಟಿಯೇ ಮಳೆಗಾಲದಲ್ಲಿ ಮನೆಯ ಬಟ್ಟೆಗೆಲ್ಲ ಬಿಸಿಲು.

ನಡುರಾತ್ರಿ ಕಳೆದು ಎರಡು ತಾಸಿಗೆ ತೊಟ್ಟಿಲಿನಿಂದ ಶತ್ರುವಿನ ಕಹಳೆ ಮೊಳಗಿತು. ಅಂಗುಷ್ಠಮಾತ್ರಚರಣನೂ ಬ್ರಹ್ಮಾಂಡಭೇದಿಕಂಠನೂ ಆದ ಆ ಬಾಲವೀರನ ಮೊದಲ ಒದೆತವೇ ತಂದೆಯ ಮೂಗಿಗೆ ಬಿತ್ತು. ಫಕೀರೇಶನು ಹಲ್ಲು ಕಚ್ಚಿಕೊಂಡು, ಕತ್ತಲಲ್ಲಿ ತಡಕಾಡಿ, ಅತ್ತೆ ಸಂಜೆ ಬಿಗಿದಿದ್ದ ವಜ್ರಗಂಟನ್ನು ಹಿಡಿದನು. ಎಡಕ್ಕೆಳೆದರೆ ಬಿಗಿಯಿತು, ಬಲಕ್ಕೆಳೆದರೆ ಇನ್ನಷ್ಟು ಬಿಗಿಯಿತು. ಹಣೆಯ ಬೆವರು ಗಲ್ಲಕ್ಕಿಳಿಯುವ ಹೊತ್ತಿಗೆ ಗಂಟು ಸಡಿಲಿ, ತೊಯ್ದ ಅರಿವೆ ಕಿತ್ತು ಬಂತು. ನೀಲಾ ಮಗ್ಗುಲು ಬದಲಿಸಿದಳು. ವೀರನು ಉಸಿರು ಬಿಗಿಹಿಡಿದು ನಿಂತನು, ಅವಳು ಏಳಲಿಲ್ಲ.

ಇನ್ನು ಒಣ ಅರಿವೆ. ಬುಟ್ಟಿಯ ಮೇಲೆ ಮೊದಲು ಕೈಗೆ ಸಿಕ್ಕ ಮೆತ್ತನೆಯ ಬಟ್ಟೆಯನ್ನು ಎಳೆದು ಸುತ್ತತೊಡಗಿದನು. ಸುತ್ತಿದನು, ಸುತ್ತಿದನು, ಬಟ್ಟೆ ಮುಗಿಯಲಿಲ್ಲ. ದ್ರೌಪದಿಯ ಸೀರೆಯೇ ತೊಟ್ಟಿಲಿಗೆ ಬಂದಿತೇನೋ ಎಂದು ಗಾಬರಿಯಾದರೂ, ಹಿಡಿದ ಕೆಲಸ ಬಿಡುವ ಕುಲವಲ್ಲ ಅವನದು. ಕೊನೆಯ ಸೆರಗನ್ನು ಸಿಕ್ಕಿಸುವಾಗ ಶತ್ರುವು ಬೆಚ್ಚಗಾಗಿ ನಿದ್ದೆಹೋಗಿದ್ದನು.

ಬೆಳಿಗ್ಗೆ ಬೀಗರ ಮನೆಗೆ ಹೊರಟ ಮಾವ ಬಸಲಿಂಗಪ್ಪನವರು ಬುಟ್ಟಿ ತಡಕಿದರು. "ನನ್ನ ರುಮಾಲ ಎಲ್ಲಿ ಹೋತು?"

ತಲೆಗೆ ಸುತ್ತುವ ಆ ರುಮಾಲು ತೊಟ್ಟಿಲಿನಲ್ಲಿತ್ತು. ಲೋಡಿನಷ್ಟು ದಪ್ಪನೆಯ ಸುರುಳಿಯೊಂದರ ತುದಿಯಲ್ಲಿ ನಿಂಬೆಹಣ್ಣಿನಷ್ಟು ಮುಖ ನಿದ್ರಿಸುತ್ತಿತ್ತು. ಅತ್ತೆ ಬಿಚ್ಚುತ್ತಾ ಹೋದಳು, ಮಾವ ಮೊಳಕೈಗೆ ಸುತ್ತಿಕೊಳ್ಳುತ್ತಾ ಹೋದರು. ಹದಿನೆಂಟನೆಯ ಮೊಳ ಕಳೆದಾಗ ಒಳಗೆ, ಸಂಜೆ ಕಟ್ಟಿದ್ದ ಹಾಗೆಯೇ, ತೊಪ್ಪೆಯಾದ ಲಂಗೋಟಿ ಕಾಣಿಸಿತು.

"ಅಳ್ಯಾರ, ನೀವು ಬಿಚ್ಚಿದ್ದು ಚಳಿಗೆ ಮ್ಯಾಲ ಸುತ್ತಿದ್ದ ಅರಿವಿ ರೀ. ಇದು ಇದ್ದಲ್ಲೇ ಐತಿ," ಎಂದಳು ಅತ್ತೆ.

ಆಗ ನೀಲಾ ಕಣ್ಣು ಬಿಟ್ಟಳು. ಕಿಟಕಿಯಲ್ಲಿ ಬಿಸಿಲು ಬಂದಿತ್ತು.

"ಏನ್ ಛಂದ ನಿದ್ದಿ ಬಂತು. ಕೂಸು ಎದ್ದಿದ್ದಿಲ್ಲೇನ್ರಿ?"

"ಇಲ್ಲ," ಎಂದನು ಫಕೀರೇಶ. ಮಾವ ಮೊಳಕೈಯ ರುಮಾಲನ್ನು ಬೆನ್ನ ಹಿಂದೆ ಸರಿಸಿದರು.

ಮಾವ ತಲೆಗೆ ಟವೆಲ್ ಸುತ್ತಿಕೊಂಡು ಬೀಗರ ಮನೆಗೆ ಹೋದರು. ಹನ್ನೊಂದು ಹಳ್ಳಿಗಳ ತಿಮಿರವಿನಾಶಕನು ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಕುಳಿತು, ಹದಿನೆಂಟು ಮೊಳಕ್ಕೂ ಸಾಬೂನು ಹಚ್ಚಿದನು.