ಒಂದೇ ಪದದ ಅಧ್ಯಕ್ಷರು

ನಮ್ಮ ಭಾವನಿಗೆ ಮಲಯ್ ಭಾಷೆಯಲ್ಲಿ ಗೊತ್ತಿರುವುದು ಒಂದೇ ಪದ. ಅದೂ ಮಲಯ್ ಅಲ್ಲ, ಕಲಬುರಗಿಯದು! ಅಷ್ಟರಿಂದಲೇ ಅವರು ಒಂದು ಸಂಘ ನಡೆಸಿದರೆಂದರೆ ನಂಬುತ್ತೀರಾ? ಕಲಿಸಿದ ಗುರು ನಾನು, ನಂಬಲೇಬೇಕು.

ಮಲೇಷ್ಯಾದ ಕ್ಲಾಂಗ್ ಬಂದರಿನ ಹತ್ತಿರ ನಾವಿರುವುದು ಎಲ್ಲಿಗೆ ಬೇಕಾದರೂ ಎಳೆದೊಯ್ಯಬಹುದಾದ ಚಕ್ರದ ಮನೆಗಳಲ್ಲಿ. ಮನೆ ನಮ್ಮದು, ಕೆಳಗಿನ ನೆಲ ಬಾಡಿಗೆ ವಸೂಲಿ ಮಾಡುವ ಯಜಮಾನನದು. ಒಂದರಲ್ಲಿ ಅಕ್ಕ-ಭಾವ, ಪಕ್ಕದ್ದರಲ್ಲಿ ನಾನೊಬ್ಬನೇ. ಬೆಳಗಾದರೆ ಕಿಟಕಿಯಿಂದ ಕಿಟಕಿಗೆ ನಮ್ಮ ಜಗಳ. ಒಂದು ದಿನ ಯಜಮಾನ ಬಂದು, ಭಾವನ ಮನೆಯನ್ನು ಗೇಟಿನ ಬಳಿಗೂ ನನ್ನದನ್ನು ಮೋರಿಯ ಆಚೆಗೂ ಎಳೆಸುತ್ತೇನೆ ಎಂದ. ತಕರಾರಿದ್ದರೆ ನಿವಾಸಿಗಳ ಸಂಘದಿಂದ ಬರಲಿ ಎಂದ. ಸಂಘ ಎಲ್ಲಿತ್ತು?

ಭಾವ ಮನೆಮನೆ ಸುತ್ತಿದರು. ಸದಸ್ಯರಾಗಲು ಒಬ್ಬರೂ ಒಪ್ಪಲಿಲ್ಲ. ಸರಿ, ಎಲ್ಲರನ್ನೂ ಅಧ್ಯಕ್ಷರನ್ನಾಗಿ ಮಾಡಿಬಿಟ್ಟರು! ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನಲ್ಲಿ ಮೊದಲ ಸಭೆ. ಎಲ್ಲರದ್ದೂ ಅಧ್ಯಕ್ಷ ಭಾಷಣ. ಕೇಳಲು ಸದಸ್ಯರೇ ಇಲ್ಲ. ಲೋಟದಿಂದ ಲೋಟಕ್ಕೆ ಟೀ ಎಳೆಯುತ್ತಿದ್ದವನೊಬ್ಬನೇ ಚಪ್ಪಾಳೆ ತಟ್ಟಿದ.

ಭಾವನಿಗೆ ಯಜಮಾನನ ಜೊತೆ ತಾವೇ ಮಾತಾಡಬೇಕೆಂಬ ಹಟ ಬೇರೆ. "ತಮ್ಮಾ, ಅವಾ ಮಲಯ್‌ನಾಗ ಕೇಳ್ತಾನ. ನಾ ಏನ್ ಹೇಳ್ಲೋ?"

"ಏನ್ ಕೇಳಿದ್ರೂ ‘ಅದ’ ಅನ್ನಿ ಭಾವ. ನಿಮ್ಮೂರಲ್ಲೂ ಇಲ್ಲಿನ ಮಲಯ್‌ನಲ್ಲೂ ಅರ್ಥ ಒಂದೇ, ‘ಇದೆ’ ಅಂತ."

ತಮಾಷೆಗೆ ಹೇಳಿದ್ದು. ಆದರೆ ಸುಳ್ಳಲ್ಲ!

ಯಜಮಾನ ಬಂದ. ಸಂಘ ಇದೆಯಾ ಎಂದ. "ಅದ!" ಅಧ್ಯಕ್ಷರು? "ಅದ, ಅದ, ಅದ!" ಎಂದು ಭಾವ ಮನೆಗಳ ಸಾಲಿನುದ್ದಕ್ಕೂ ಬೆರಳು ತೋರಿಸಿದರು. ನಾನು ಸುಮ್ಮನಿರುವ ಪೈಕಿಯೇ? ಮನೆಯಲ್ಲಿ ಹುಲಿ ಇದೆಯಾ ಎಂದು ಹಿಂದಿನಿಂದ ಮಲಯ್‌ನಲ್ಲಿ ಕೇಳಿದೆ. "ಅದ!" ಯಜಮಾನ ಹಿಂದೆ ಸರಿದ. ಅಕ್ಕ ನನ್ನ ಬೆನ್ನಿಗೆ ಗುದ್ದಿದಳು.

ಕೊನೆಗೆ ಅವನು ಕೇಳಿದ, ತಕರಾರು ಇದೆಯಾ?

"ಅದ!"

ಏನು ತಕರಾರು?

ಭಾವನ ಮಲಯ್ ಅಲ್ಲಿಗೆ ಮುಗಿಯಿತು. ನನ್ನತ್ತ ಕೈ ತೋರಿಸಿ ಅಪ್ಪಟ ಕಲಬುರಗಿ ಕನ್ನಡದಲ್ಲೇ ಗುಡುಗಿದರು: "ಇವನ ಮನಿ ಮೋರಿ ಆಚಿಗಿ ಹೋದ್ರ, ಮುಂಜಾನೆ ಎದ್ದು ನಾ ಯಾರ ಕೂಡ ಜಗಳಾ ಆಡ್ಲಿ? ಒಬ್ಬನೇ ಇರ್ತಾನ. ಎದ್ದಾನೋ ಇಲ್ಲೋ, ಯಾರ್ ನೋಡೋರು?"

ಅನುವಾದಿಸು ಎಂಬಂತೆ ಯಜಮಾನ ನನ್ನ ಮುಖ ನೋಡಿದ. ಊರಿಗೆಲ್ಲ ಮಲಯ್ ಕಲಿಸುವ ನನಗೆ ಒಂದು ಪದವೂ ಹೊರಡಲಿಲ್ಲ. ಏನು ಅರ್ಥವಾಯಿತೋ, ಅಥವಾ ಹುಲಿಯ ಭಯವೋ, "ಓಕೆ ಲಾ, ಇಲ್ಲೇ ಇರಿ" ಎಂದು ಹೊರಟುಹೋದ.

ಇವತ್ತೂ ಬೆಳಗ್ಗೆ ಕಿಟಕಿ ಬಡಿದ ಸದ್ದು. "ತಮ್ಮಾ, ಅದೀಯೇನೋ?"

ಜಗಳ ಆಮೇಲೆ. ಮೊದಲು ಉತ್ತರ.

"ಅದೀನಿ ಭಾವ."