ಅತ್ತೆಯ ಬೆನ್ನ ಹಿಂದೆ ಒಂದು ಭಾನುವಾರ

ನನ್ನ ಸೋದರಮಾವ ಒಂದಿಡೀ ಭಾನುವಾರ ಸ್ವಂತ ಹೆಂಡತಿಯ ಬೆನ್ನು ಹತ್ತಿ ತಿರುಗಿದ ಮನುಷ್ಯ. ಅದೂ ಸರಕಾರ ಹೇಳಿತೆಂದು! ಮದುವೆಯಾಗಿ ಮೂವತ್ತೊಂದು ವರ್ಷಗಳಾದ ಮೇಲೆ! ನೀವು ನಗುತ್ತೀರಿ. ನಮ್ಮೂರು ಭೋಜದಲ್ಲಿ ಅರ್ಧ ಊರೇ ನಕ್ಕಿದೆ. ನಾನು ಕಂಡಷ್ಟನ್ನು ಕಂಡ ಹಾಗೆ ಹೇಳುತ್ತೇನೆ, ಒಂದಕ್ಷರ ಹೆಚ್ಚಿಲ್ಲ.

ಗಂಡು ಹೆಣ್ಣು ಸಮಾನ ಎಂದು ಇಷ್ಟು ವರ್ಷ ಹೆಂಗಸರನ್ನೇ ಕೂಡಿಸಿ ಹೇಳುತ್ತಿದ್ದ ಸರಕಾರಕ್ಕೆ, ಪಾಠ ಬೇಕಾದವರು ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದಾರೆಂಬುದು ಈಗ ಹೊಳೆದಿದೆ. ಹೀಗಾಗಿ ಚಿಕ್ಕೋಡಿಯಲ್ಲಿ ಗಂಡಸರಿಗೆಂದೇ ಎರಡು ಸೋಮವಾರ ತರಬೇತಿ. ಊರಿಗೆ ಇಬ್ಬರು. ನಮ್ಮೂರಿನಿಂದ ಪಂಚಾಯಿತಿ ಗುಮಾಸ್ತನಾದ ನಾನು. ಬೇರೆ ಯಾರೂ ಒಪ್ಪದೆ, ಮಾವ.

ಮೊದಲ ಸೋಮವಾರ ತರಬೇತಿ ಕೊಡಲು ಬಂದ ಮೇಡಂ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, "ಗಂಡಸು ಅಂದ್ರ ಯಾರ್ರಿ?" ಎಂದು ಕೇಳಿದರು. ಮಾವ ಎದ್ದು ನಿಂತ.

"ಎಮ್ಮಿ ಒದ್ದರೂ ಹಾಲಿನ ಚರಗಿ ಕೈ ಬಿಡದಾಂವ್ರಿ!"

ಬಾಯಾರೂ ನಕ್ಕರು. ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರವರೆಗೆ ನಿಮ್ಮ ಹೆಂಡತಿ ಏನೇನು ಮಾಡುತ್ತಾರೆ, ಬರೆಯಿರಿ. ನಾವೆಲ್ಲ ಪೆನ್ನು ಕಚ್ಚುತ್ತ ಕೂತಿರುವಾಗ ಮಾವ ಮಾತ್ರ ಸರಸರ ಬರೆದು ಮುಗಿಸಿದ! ಬಾಯಾರು ಸಂತೋಷದಿಂದ ಗಟ್ಟಿಯಾಗಿ ಓದತೊಡಗಿದರು.

"ನಾಲ್ಕೂವರಿಗೆ ಏಳ್ತಾಳ. ಐದಕ್ಕ ಹಿಂಡಿ ತಿಂತಾಳ..." ತಲೆಯೆತ್ತಿದರು. "ನಿಮ್ಮ ಮನ್ಯಾಗಿನವರು ಹಿಂಡಿ ತಿಂತಾರೇನ್ರಿ?"

"ಇಲ್ರಿ, ಅದು ಎಮ್ಮೀದ್ರಿ. ಆಕೀದು ನನಗ ಗೊತ್ತಿಲ್ಲ. ಖಾಲಿ ಬಿಡಬಾರ್ದಂತ ಗೊತ್ತಿದ್ದದ್ದು ಬರದೆ."

ಸಭೆ ಬಿದ್ದು ಬಿದ್ದು ನಕ್ಕಿತು. ನೀರು ಕುಡಿಯುವುದು, ಮೆಲುಕು ಹಾಕುವುದು, ಮಗ್ಗುಲು ಬದಲಿಸುವುದು, ಎಲ್ಲವೂ ನಿಮಿಷದ ಲೆಕ್ಕದಲ್ಲಿ! ನಾನೂ ನಕ್ಕೆ. ನನ್ನ ಹಾಳೆಯಲ್ಲಿ ನನ್ನ ಹೆಂಡತಿಗೆ ಮಧ್ಯಾಹ್ನ ಎರಡು ತಾಸು ವಿಶ್ರಾಂತಿ ಎಂದು ಬರೆದಿದ್ದೆ, ಊಹೆ. ಯಾರೂ ಕೇಳಲಿಲ್ಲ.

ಬಾಯಾರು ಮಾವನಿಗೆ ಹೊಸ ಹಾಳೆ ಕೊಟ್ಟರು. "ಮುಂದಿನ ಸೋಮವಾರ ಇದನ್ನ ಎಲ್ಲಾರ ಮುಂದ ಓದಬೇಕ್ರಿ. ಒಂದು ಗೆರಿನೂ ಖಾಲಿ ಇರಬಾರ್ದು."

ಬಸ್ಸಿನಲ್ಲಿ ಮಾವ ಗುಡುಗಿದ: "ಮಂದ್ಯಾಗ ಮಾನಾ ಹೋತಲೇ ಅಳಿಯಾ! ಈ ಹಾಳಿ ತುಂಬಸದಿದ್ರ ನಾ ಗಂಡಸೇ ಅಲ್ಲ!"

ನೋಡಿ, ತರಬೇತಿಯ ಫಲ!

ಭಾನುವಾರ ಬೆಳಿಗ್ಗೆ ನಾನು ಹೋದಾಗ ಅತ್ತೆ ಒಲೆಯ ಮುಂದೆ, ಮಾವ ಅತ್ತೆಯ ಪಕ್ಕ. ಕಿವಿಯಲ್ಲಿ ಪೆನ್ಸಿಲ್ಲು, ಕೈಯಲ್ಲಿ ಗಡಿಯಾರ.

"ಏನ್ರಿ ಇದು, ಬೆಕ್ಕಿನಂಗ ಕುಂತೀರಿ? ಸರೀರಿ ಅತ್ಲಾಗ!"

"ಸರಕಾರಿ ಕೆಲಸೈತಿ. ನೀ ರೊಟ್ಟಿ ಬಡಿ."

ಅತ್ತೆ ನಳಕ್ಕೆ ಹೋದರೆ ನಳಕ್ಕೆ, ಬಟ್ಟೆ ಒಗೆಯಲು ಹೋದರೆ ಪಕ್ಕದ ಕಲ್ಲಿಗೆ! ಪಕ್ಕದ ಮನೆಯ ಸೊಸೆ ತಡೆಯಲಾರದೆ ಕೇಳಿಯೇಬಿಟ್ಟಳು: "ಕಾಕಾ, ಈ ವಯಸ್ಸಿನ್ಯಾಗ ಕಾಕೂನ ಮ್ಯಾಲ ಸಂಶಯಾ ಏನ್ರಿ?"

"ಸಂಶಯಾ ಅಲ್ಲವಾ, ಸಮಾನತಿ!"

"ಸಮಾನತಿ ಅಂತ!" ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾರ ಆ ಬಕೀಟು ಎತ್ರಿ ನೋಡೂನು."

ಮಾವ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. "ನಾ ಎತ್ತಿದ್ರ ಹಾಳ್ಯಾಗ ತಪ್ಪಾಗತೈತಿ! ಇದು ನಿನ್ನ ದಿನಾ. ನಾ ಕೈ ಹಚ್ಚಂಗಿಲ್ಲ!"

ಇಂಥ ಪ್ರಾಮಾಣಿಕತೆಯನ್ನು ಎಲ್ಲಿ ಕಂಡಿದ್ದೀರಿ? ಸಂಜೆ ಹೊಲದಿಂದ ಅತ್ತೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ಇಪ್ಪತ್ತು ಹೆಜ್ಜೆ ಹಿಂದೆ ಮಾವ, ಬರಿಗೈ ಬೀಸುತ್ತ, ನಡುನಡುವೆ ನಿಂತು ಬರೆಯುತ್ತ. ಊರ ಬಾಗಿಲಿಗೆ ಬಂದು ಹಾಳೆಯನ್ನು ನನ್ನ ಮುಖಕ್ಕೆ ಹಿಡಿದ. ಅಲ್ಲಿಯವರೆಗಿನ ಒಂದು ಗೆರೆಯೂ ಖಾಲಿ ಇರಲಿಲ್ಲ!

ಸೋಮವಾರ ಮಾವ ಮದುವೆಗೆ ಉಟ್ಟಂತೆ ಧೋತರ ಉಟ್ಟು ಬಂದ. ಎದ್ದು ನಿಂತು ಗಂಟಲು ಸರಿಪಡಿಸಿಕೊಂಡ. "ನಾಲ್ಕಕ್ಕ ಎದ್ದಳು. ಎಮ್ಮೀಕಿಂತ ಅರ್ಧಾ ತಾಸ ಮೊದಲ!" ಸಭೆ ಚಪ್ಪಾಳೆ ತಟ್ಟಿತು. ಮಾವ ಉಬ್ಬಿದ. ರೊಟ್ಟಿ, ನೀರು, ಬಟ್ಟೆ, ಕಳೆ, ಒಂದೊಂದನ್ನೂ ಅಭಂಗ ಹಾಡುವವನಂತೆ ಏರಿಸಿ ಏರಿಸಿ ಓದಿದ.

"ಐದಕ್ಕ ಹೊರಿ ಹೊತ್ತಳು. ಐದೂ ಹತ್ತಕ್ಕ ಕೂತಳು. ಐದೂ ಹದಿನೈದಕ್ಕ ಎದ್ದಳು. ಐದೂ ಇಪ್ಪತ್ತೈದಕ್ಕ ಕೂತಳು, ಎದಿ ಹಿಡಕೊಂಡು. ಐದೂ ನಲವತ್ತಕ್ಕ..."

ನಿಂತುಬಿಟ್ಟ. ಹಾಳೆಯನ್ನು ಕಣ್ಣಿನ ಹತ್ತಿರ ತಂದ. ಬೇರೆ ಯಾರೋ ಬರೆದದ್ದನ್ನು ಓದುವವನಂತೆ ಕೂತಳು ಎಂಬ ಆ ಮೂರು ಗೆರೆಗಳನ್ನು ತುಟಿಯಲ್ಲೇ ಮತ್ತೊಮ್ಮೆ ಓದಿಕೊಂಡ.

"ಮುಂದ ಓದ್ರಿ" ಎಂದರು ಬಾಯಾರು.

"ಯಾಕ ಕೂತಿ ಅಂತ ನಾ ಕೇಳಲಿಲ್ರಿ, ಬಾಯಾರ. ಗಡಿಯಾರ ನೋಡಾಕತ್ತಿದ್ದೆ."

ಮಾವ ಹಾಳೆಯನ್ನು ಮೇಜಿನ ಮೇಲಿಟ್ಟ. ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸತೊಡಗಿದ. ಅವು ಅದಲುಬದಲಾದದ್ದೂ ಅವನಿಗೆ ತಿಳಿಯಲಿಲ್ಲ.

"ಎಲ್ಲಿಗ್ರಿ? ಇನ್ನೂ ಮುಗಿದಿಲ್ಲ" ಎಂದರು ಬಾಯಾರು.

"ದವಾಖಾನಿಗೆ ಕರಕೊಂಡ ಹೋಗಬೇಕ್ರಿ ಆಕೀನ್ನ. ಇವತ್ತೂ ಐದಕ್ಕ ಹೊರಿ ಹೊತ್ತು ಹೊಂಡ್ತಾಳ. ಹಾದ್ಯಾಗ ಕೂತ್ರ, ಎಬಿಸಾಕ ಯಾರೂ ಇರೂದಿಲ್ರಿ ಅಲ್ಲಿ."